ಕಡಿಮೆ ಖರ್ಚಿನಲ್ಲಿ ನಿಖರವಾದ ಬೋಲ್ಟ್ ಆಕ್ಷನ್ ರೈಫಲ್: ಆಯ್ಕೆ ಮಾಡುವುದು ಹೇಗೆ?

"ಸರ, ನನ್ನ ಹತ್ರ ಅರವತ್ತ ಸಾವಿರ ಅದ. ಅದರಾಗ ಒಂದ ಚಲೋ ಬೋಲ್ಟ್ ಆಕ್ಷನ್ ರೈಫಲ್ ಬರ್ತದೇನ್ರಿ?"

ರೋಣದ ಪದವಿ ವಿದ್ಯಾರ್ಥಿಯೊಬ್ಬ ನಮಗೆ ಕೇಳಿದ ಪ್ರಶ್ನೆ ಇದು. ವಯಸ್ಸು 20. ಎನ್‌ಸಿಸಿಯಲ್ಲಿ ನಾಲ್ಕಾರು ಸಲ ಗುರಿ ಹೊಡೆದು ರುಚಿ ಹತ್ತಿದೆ. ಮನೆಯಲ್ಲಿ ಅಪ್ಪನಿಗೆ ಕಡಲೆ ಹೊಲಕ್ಕೆ ನುಗ್ಗುವ ಚಿಗರಿ, ಹಂದಿಗಳ ಚಿಂತೆ. ಗುರಿ ಅಭ್ಯಾಸಕ್ಕೂ ಆಯಿತು, ಬೆಳೆ ಕಾಯಲಿಕ್ಕೂ ಆಯಿತು ಎಂಬುದು ಅವನ ಲೆಕ್ಕ. ಇದರ ನಡುವೆ ಯಾರೋ ಒಬ್ಬರು, ಲೈಸೆನ್ಸಿನ ಗೊಡವೆಯೇ ಇಲ್ಲದೆ ಅಗ್ಗಕ್ಕೆ ಒಂದು ಕೊಡಿಸುತ್ತೇನೆ ಎಂದೂ ಹೇಳಿದ್ದಾರಂತೆ.

ಈ ಪ್ರಶ್ನೆ ಅವನೊಬ್ಬನದಲ್ಲ. ರೈಫಲ್ ಬಗ್ಗೆ ಸಿಗುವ ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿನ ಅಂಗಡಿ, ಅಲ್ಲಿನ ಕಾನೂನು, ಅಲ್ಲಿನ ಬೆಲೆ ಗದಗ ಜಿಲ್ಲೆಗೆ ಹೊಂದುವುದಿಲ್ಲ. ಹಾಗಾಗಿ ರೈಫಲ್‌ನ ನಿಖರತೆ ಎಲ್ಲಿಂದ ಬರುತ್ತದೆ, ನಮ್ಮಲ್ಲಿ ಕಾನೂನಿನಂತೆ ಏನು ಸಿಗುತ್ತದೆ, ಸ್ವಲ್ಪವೇ ಹಣ ಇದ್ದಾಗ ಅದನ್ನು ಎಲ್ಲಿ ಹಾಕಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಚುಟುಕಾಗಿ ಹೇಳುವುದಾದರೆ

ನಿಖರತೆಯ ದೊಡ್ಡ ಪಾಲು ಬರುವುದು ನಳಿಕೆಗೆ ಹೊಂದುವ ಗುಂಡು, ಹಗುರವಾಗಿ ಬಿಡುವ ಟ್ರಿಗರ್, ಮೈಗೆ ಹೊಂದುವ ಅಳತೆ ಮತ್ತು ದಿನದ ಅಭ್ಯಾಸದಿಂದ. ಹಣ ಕಡಿಮೆ ಇದ್ದಷ್ಟೂ ಬಂದೂಕಿಗೆ ಕಡಿಮೆ, ಅಭ್ಯಾಸಕ್ಕೆ ಹೆಚ್ಚು ಖರ್ಚು ಮಾಡಬೇಕು. ನಮ್ಮ ಬಹುತೇಕ ಓದುಗರಿಗೆ ಮೊದಲ ಆಯ್ಕೆ 4.5 ಮಿ.ಮೀ. ಏರ್ ರೈಫಲ್, ಎರಡನೆಯದು ಕ್ಲಬ್ ಸದಸ್ಯತ್ವದ ಮೂಲಕ .22 ಬೋಲ್ಟ್ ಆಕ್ಷನ್ ರೈಫಲ್. ಬೆಳೆ ಕಾಯಲು ರೈಫಲ್ ಕೊಳ್ಳುವ ವಿಚಾರ ಇದ್ದರೆ ಅದನ್ನು ಕೈಬಿಡುವುದು ಒಳ್ಳೆಯದು.

ಬೋಲ್ಟ್ ಆಕ್ಷನ್ ಎಂದರೇನು?

ಬಾಗಿಲಿನ ಚಿಲಕವನ್ನು ನೆನಪಿಸಿಕೊಳ್ಳಿ. ಹಿಡಿಯನ್ನು ಎತ್ತಿ, ಹಿಂದಕ್ಕೆ ಎಳೆದು, ಮತ್ತೆ ಮುಂದಕ್ಕೆ ತಳ್ಳಿ, ಕೆಳಗೆ ಒತ್ತಿದರೆ ಚಿಲಕ ಬಿದ್ದಂತೆ. ಬೋಲ್ಟ್ ಆಕ್ಷನ್ ರೈಫಲ್‌ನಲ್ಲಿ ನಡೆಯುವುದೂ ಹೀಗೆಯೇ. ಹಿಂದಕ್ಕೆ ಎಳೆದಾಗ ಖಾಲಿ ತೋಟೆ ಹೊರಬೀಳುತ್ತದೆ. ಮುಂದಕ್ಕೆ ತಳ್ಳಿದಾಗ ಹೊಸ ತೋಟೆ ನಳಿಕೆಯ ಬುಡಕ್ಕೆ ಹೋಗುತ್ತದೆ. ಹಿಡಿ ಕೆಳಗಿಳಿದಾಗ ಉಕ್ಕಿನ ಹಲ್ಲುಗಳು ಗಾಳಕ್ಕೆ ಕೂತು ತೋಟೆಯನ್ನು ಭದ್ರವಾಗಿ ಹಿಡಿಯುತ್ತವೆ.

ಇದರಿಂದ ನಿಖರತೆಗೆ ಎರಡು ಲಾಭ. ಒಂದು, ತೋಟೆ ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ಬಿಗಿಯಲ್ಲಿ ಕೂರುತ್ತದೆ. ಎರಡು, ಗುಂಡು ನಳಿಕೆಯಲ್ಲಿ ಸಾಗುವಾಗ ಬಂದೂಕಿನ ಹಿಂಭಾಗದಲ್ಲಿ ಯಾವ ಭಾಗವೂ ಹಿಂದೆ ಮುಂದೆ ಓಡಾಡುವುದಿಲ್ಲ. ಜರ್ಮನಿಯ 1898ರ ಮೌಸರ್ ಮಾದರಿಯಲ್ಲಿ ಬಿಗಿಯುವ ಹಲ್ಲುಗಳು ಬೋಲ್ಟ್‌ನ ಮುಂದಿವೆ. ಬ್ರಿಟಿಷರ ಲೀ ಎನ್‌ಫೀಲ್ಡ್‌ನಲ್ಲಿ ಅವು ಹಿಂದಿವೆ. ಹಲ್ಲು ತೋಟೆಗೆ ಹತ್ತಿರವಿದ್ದಷ್ಟೂ ಬಿಗಿ ಹೆಚ್ಚು, ಆದ್ದರಿಂದ ಗುರಿ ಸ್ಪರ್ಧೆಯ ಭಾರೀ ರೈಫಲ್‌ಗಳಲ್ಲಿ ಮುಂದಿನ ಹಲ್ಲಿನ ಮಾದರಿಯೇ ಹೆಚ್ಚು ಬಳಕೆಗೆ ಬಂತು.

ನಿಖರತೆಯಲ್ಲಿ ಎರಡು ಬಗೆ

ಇಲ್ಲಿ ಬಹಳ ಜನ ಎಡವುತ್ತಾರೆ. ಹತ್ತು ಗುಂಡು ಹೊಡೆದಿರಿ, ಹತ್ತೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದವು, ಆದರೆ ನಡುಬಿಂದುವಿನಿಂದ ನಾಲ್ಕು ಬೆರಳು ಎಡಕ್ಕೆ. ಈ ರೈಫಲ್ ಕೆಟ್ಟದ್ದೇ? ಅಲ್ಲ, ತುಂಬಾ ಒಳ್ಳೆಯದು. ಗುರಿಕಟ್ಟಿನ ತಿರುಪನ್ನು ಸ್ವಲ್ಪ ತಿರುಗಿಸಿದರೆ ಆ ಗುಂಪು ನಡುವಿಗೆ ಬರುತ್ತದೆ. ಬದಲಾಗಿ ಹತ್ತು ಗುಂಡು ನಡುಬಿಂದುವಿನ ಸುತ್ತ ತಟ್ಟೆಯಗಲ ಚದುರಿ ಬಿದ್ದರೆ, ಯಾವ ತಿರುಪಿನಿಂದಲೂ ಅದು ಸರಿಹೋಗುವುದಿಲ್ಲ. ಕೊಳ್ಳುವಾಗ ನೋಡಬೇಕಾದ್ದು ಗುಂಡುಗಳು ಎಷ್ಟು ಒತ್ತಾಗಿ ಬೀಳುತ್ತವೆ ಎಂಬುದನ್ನು.

ಇದನ್ನು ಅಳೆಯಲು ಕೋನದ 'ಮಿನಿಟ್' ಬಳಸುತ್ತಾರೆ. ಒಂದು ಡಿಗ್ರಿಯ 60ರಲ್ಲಿ ಒಂದು ಭಾಗ ಅದು. 100 ಮೀಟರ್ ದೂರದಲ್ಲಿ ಒಂದು ಮಿನಿಟ್ ಎಂದರೆ ಸುಮಾರು 29 ಮಿ.ಮೀ., 50 ಮೀಟರ್‌ನಲ್ಲಿ ಅದರ ಅರ್ಧ. ಒಲಿಂಪಿಕ್ಸ್‌ನ 50 ಮೀಟರ್ ಗುರಿಫಲಕದಲ್ಲಿ 10 ಅಂಕದ ವೃತ್ತದ ಅಗಲ 10.4 ಮಿ.ಮೀ., ಅಂದರೆ ಒಂದು ಮಿನಿಟ್‌ಗಿಂತಲೂ ಕಡಿಮೆ.

ಜಾಹೀರಾತಿನಲ್ಲಿ 'ಮೂರು ಗುಂಡಿನ ಗುಂಪು ಇಷ್ಟೇ ಇಷ್ಟು' ಎಂದು ತೋರಿಸಿದರೆ ಎಚ್ಚರದಿಂದಿರಿ. ಮೂರೇ ಗುಂಡು ಹೊಡೆದಾಗ ಅದೃಷ್ಟಕ್ಕೂ ಒತ್ತಾಗಿ ಬೀಳಬಹುದು. ಗುಂಡುಗಳ ಸಂಖ್ಯೆ ಹೆಚ್ಚಿದಂತೆ ಗುಂಪು ಹಿಗ್ಗುವುದು ಸಂಖ್ಯಾಶಾಸ್ತ್ರದ ನಿಯಮ. ಅದೇ ಬಂದೂಕು, ಅದೇ ಕೈ ಇದ್ದರೂ ಹತ್ತು ಗುಂಡಿನ ಗುಂಪು ಮೂರು ಗುಂಡಿನ ಗುಂಪಿಗಿಂತ ಸರಾಸರಿ ಒಂದೂವರೆ ಪಟ್ಟಿಗಿಂತ ತುಸು ದೊಡ್ಡದಿರುತ್ತದೆ. ಮೂರು ಗುಂಡಿಗೆ 30 ಮಿ.ಮೀ. ತೋರಿಸಿದ ರೈಫಲ್ ಹತ್ತು ಗುಂಡಿಗೆ ಸುಮಾರು 47 ಮಿ.ಮೀ. ತೋರಿಸಬಹುದು. ಎರಡು ರೈಫಲ್‌ಗಳನ್ನು ಹೋಲಿಸುವಾಗ ಎರಡಕ್ಕೂ ಹತ್ತು ಗುಂಡಿನ ಲೆಕ್ಕವನ್ನೇ ಕೇಳಿ.

ಅಂಗಡಿಗೆ ಮೊದಲು ಜಿಲ್ಲಾಧಿಕಾರಿ ಕಚೇರಿ

ನಮ್ಮ ಭಾಗದಲ್ಲಿ ಆಯುಧ ಮತ್ತು ಸರ್ಕಾರದ ಅಪ್ಪಣೆಯ ತಕರಾರು ಹಳೆಯದು. 1857ರ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಒಪ್ಪದೆ ಹಲಗಲಿಯ ಬೇಡರು ಎದ್ದರು. ಮರುವರ್ಷ ನರಗುಂದದ ಬಾಬಾಸಾಹೇಬರು ದಂಗೆ ಎದ್ದರು. ಅದು ಪರಕೀಯರ ಆಳ್ವಿಕೆಯ ಕಾಲ. ಇಂದು ನಡೆಯುವುದು ಸಂಸತ್ತು ಮಾಡಿದ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ. ಅದರಲ್ಲಿ ಕೊಳ್ಳುವವರಿಗೆ ಬೇಕಾದ ಮುಖ್ಯ ಸಂಗತಿಗಳು ಇವು:

- ಪರವಾನಗಿಗೆ ಕನಿಷ್ಠ ವಯಸ್ಸು 21. ಅದಕ್ಕಿಂತ ಕಿರಿಯರು ತರಬೇತಿಯ ನಿಯಮಗಳಡಿ ಮಾತ್ರ ಗುರಿ ಅಭ್ಯಾಸ ಮಾಡಬಹುದು.
- ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ. ಪೊಲೀಸರ ವರದಿ ಬಂದ ಮೇಲೆ ನಿರ್ಧಾರವಾಗುತ್ತದೆ. ಹುಬ್ಬಳ್ಳಿ-ಧಾರವಾಡದಂಥ ಕಮಿಷನರೇಟ್‌ಗಳಲ್ಲಿ ಪೊಲೀಸ್ ಆಯುಕ್ತರಿಗೆ ಅರ್ಜಿ ಕೊಡಬೇಕು.
- ಕಾಯ್ದೆಯ 13ನೇ ಕಲಂ ಉದ್ದೇಶಕ್ಕೆ ತಕ್ಕಂತೆ ಬಂದೂಕನ್ನು ಬೇರೆ ಮಾಡುತ್ತದೆ. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸಕ್ಕೆ .22 ರೈಫಲ್ ಅಥವಾ ಏರ್ ರೈಫಲ್. ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಬಂದೂಕು. ಉಳಿದ ರೈಫಲ್‌ಗಳಿಗೆ ತಕ್ಕ ಕಾರಣ ಇದೆಯೆಂದು ಅಧಿಕಾರಿಗೆ ಮನವರಿಕೆ ಆಗಬೇಕು.
- 2019ರ ತಿದ್ದುಪಡಿಯ ನಂತರ ಒಬ್ಬರು ಸಾಮಾನ್ಯವಾಗಿ ಎರಡು ಬಂದೂಕು ಮಾತ್ರ ಇಟ್ಟುಕೊಳ್ಳಬಹುದು. ಪರವಾನಗಿಯ ಅವಧಿ 5 ವರ್ಷ. ಮದುವೆ, ಜಾತ್ರೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.
- ಚುನಾವಣೆ ಘೋಷಣೆಯಾದಾಗ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಡಲು ಆದೇಶ ಬರುವುದು ಸಾಮಾನ್ಯ. ಅಭ್ಯಾಸದ ಲೆಕ್ಕ ಹಾಕುವಾಗ ಇದೂ ನೆನಪಿರಲಿ.

'ಲೈಸೆನ್ಸ್ ಇಲ್ಲದ ಅಗ್ಗದ ಮಾಲು' ಎಂಬುದರ ನಿಜವಾದ ಬೆಲೆ ಇಲ್ಲಿ ತಿಳಿಯುತ್ತದೆ. ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡರೆ ಜೈಲು ಶಿಕ್ಷೆ ಆಗುತ್ತದೆ, ಮುಂದೆ ಪೊಲೀಸ್ ಅಥವಾ ಸೇನೆಯ ಕೆಲಸಕ್ಕೆ ದಾರಿ ಮುಚ್ಚುತ್ತದೆ. ಅಷ್ಟೇ ಅಲ್ಲ, ಕಳ್ಳ ಮಾರ್ಗದ ನಾಡಬಂದೂಕಿನ ನಳಿಕೆ ತಡೆಯಬೇಕಾದ ಒತ್ತಡವನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಅದು ಸೀಳಿದರೆ ಹೋಗುವುದು ಹೊಡೆಯುವವನ ಕಣ್ಣು, ಕೈ.

ನಮ್ಮಲ್ಲಿ ಸಿಗುವ ಆಯ್ಕೆಗಳು

ವಿದೇಶಿ ರೈಫಲ್ ತರಿಸಿಕೊಳ್ಳುವ ಅವಕಾಶ ಇರುವುದು ಅರ್ಹತೆ ಗಳಿಸಿದ ಕ್ರೀಡಾಪಟುಗಳಿಗೆ. ಉಳಿದವರಿಗೆ ವಾಸ್ತವದಲ್ಲಿ ಉಳಿಯುವುದು ಮೂರು ದಾರಿ.

*.315 ಸ್ಪೋರ್ಟಿಂಗ್ ರೈಫಲ್.* ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯ ಈ ಬೋಲ್ಟ್ ಆಕ್ಷನ್ ರೈಫಲ್ ಲೀ ಎನ್‌ಫೀಲ್ಡ್ ವಂಶದ್ದು. ಬ್ರಿಟಿಷರು ಸೇನೆಯ .303 ತೋಟೆಯನ್ನು ಜನರಿಗೆ ನಿಷೇಧಿಸಿದಾಗ ಅದಕ್ಕೆ ಬದಲಿಯಾಗಿ ಬಳಕೆಗೆ ಬಂದ ಅಳತೆ .315. ಗಟ್ಟಿಮುಟ್ಟಾದ ಬಂದೂಕು, ನಿಜ. ಆದರೆ ಗುರಿ ಸ್ಪರ್ಧೆಗೆ ಹೊಂದುವುದಿಲ್ಲ. ತೋಟೆಯಲ್ಲಿ ಆಯ್ಕೆ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ನಳಿಕೆಗೆ ಹೊಂದುವ ಗುಂಡನ್ನು ಹುಡುಕುವ ಕೆಲಸವೇ ಸಾಧ್ಯವಾಗುವುದಿಲ್ಲ. ಒಂದೊಂದು ತೋಟೆಯೂ ದುಬಾರಿ, ವರ್ಷಕ್ಕೆ ಇಷ್ಟೇ ಎಂಬ ಮಿತಿ ಪರವಾನಗಿಯಲ್ಲಿ ಬರೆದಿರುತ್ತದೆ. 'ನಿಖರ ರೈಫಲ್' ಎಂದು ಇದನ್ನು ಕೊಂಡವರು ಅಭ್ಯಾಸವಿಲ್ಲದೆ ಕಪಾಟಿನಲ್ಲಿಟ್ಟು ಎಣ್ಣೆ ಹಚ್ಚುತ್ತಾ ಕೂರಬೇಕಾಗುತ್ತದೆ.

*.22 ರೈಫಲ್.* ಗುರಿ ಅಭ್ಯಾಸಕ್ಕೆಂದು ಬೋಲ್ಟ್ ಆಕ್ಷನ್ ಬೇಕೆಂದರೆ ಇದೇ ಸರಿಯಾದದ್ದು. ಹಿಂದೊದೆತ ಬಹಳ ಕಡಿಮೆ, ಆದ್ದರಿಂದ ಕೈ ಹೆದರುವುದಿಲ್ಲ. ಎನ್‌ಸಿಸಿ ಕೆಡೆಟ್‌ಗಳು 25 ಗಜ ದೂರದಲ್ಲಿ ಹೊಡೆಯುವ .22 ರೈಫಲ್ ಕೂಡ ಬೋಲ್ಟ್ ಆಕ್ಷನ್ನೇ. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಮೊದಲ ಪಾಠ ಪುಕ್ಕಟೆ ಸಿಕ್ಕಂತೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯೂ .22 ರೈಫಲ್‌ನದೇ. ಅವರು ನಮ್ಮ ಗಡಿಗೆ ಅಂಟಿಕೊಂಡ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವರು. ಹೊಸದಾಗಿ ಕಲಿಯುವವರು ಸ್ವಂತ ರೈಫಲ್‌ಗೆ ಅವಸರ ಮಾಡದೆ ಕ್ಲಬ್ಬಿನ ರೈಫಲ್‌ನಲ್ಲಿ ಒಂದು ವರ್ಷ ಹೊಡೆಯುವುದು ಜಾಣತನ.

*ಏರ್ ರೈಫಲ್.* ನಳಿಕೆಯ ಅಳತೆ 4.5 ಮಿ.ಮೀ. (.177) ಮೀರದ, ಗುಂಡಿನ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಡ. ಸ್ಪರ್ಧೆಯ ಏರ್ ರೈಫಲ್‌ಗಳ ಶಕ್ತಿ ಸಾಮಾನ್ಯವಾಗಿ ಇದರ ಅರ್ಧಕ್ಕಿಂತ ಕಡಿಮೆ. ಬಿಲ್ಲಿನ ಮೇಲೆ ಅಳತೆ, ಮಾದರಿ, ಸಂಖ್ಯೆ ಬರೆಸಿಕೊಂಡು, ಗುರುತಿನ ದಾಖಲೆ ಕೊಟ್ಟು ಕೊಳ್ಳಿ. ಬಿಲ್ಲನ್ನು ಜೋಪಾನ ಮಾಡಿ. 'ಗಾಳಿ ಬಂದೂಕು ಮಕ್ಕಳ ಆಟಿಕೆ' ಎಂದು ಮೂಗು ಮುರಿಯುವವರಿಗೆ ಒಂದು ಮಾತು: 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಆ ಗುರಿಫಲಕದ 10 ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿ.ಮೀ.

ಏರ್ ರೈಫಲ್‌ನಲ್ಲೂ ಎರಡು ಬಗೆ. ಸ್ಪ್ರಿಂಗ್ ಇರುವುದು ಅಗ್ಗ. ಆದರೆ ಒಳಗಿನ ಪಿಸ್ಟನ್ ಮುಂದೆ ಹೋಗಿ ಬಡಿಯುವುದರಿಂದ ಬಂದೂಕು ಹಿಂದಕ್ಕೂ ಮುಂದಕ್ಕೂ ಅಲುಗುತ್ತದೆ. ಬಿಗಿಯಾಗಿ ಹಿಡಿದಷ್ಟೂ ಗುಂಪು ಚದುರುತ್ತದೆ, ಹಗುರವಾಗಿ ಹಿಡಿಯಲು ಕಲಿಯಬೇಕು. ಮೊದಲೇ ಗಾಳಿ ತುಂಬಿಟ್ಟ ಸಿಲಿಂಡರಿನ ಬಗೆ ಅಲುಗುವುದಿಲ್ಲವೆನ್ನಬಹುದು. ಸ್ಪರ್ಧೆಗೆ ಅದೇ ಬೇಕು. ಜರ್ಮನಿಯ ಸ್ಪರ್ಧಾ ಮಾದರಿಗಳ ಬೆಲೆ ಎರಡು ಲಕ್ಷ ದಾಟುತ್ತದೆ. ಈಗ ಭಾರತದ ಕಂಪನಿಗಳೂ ಸ್ಪರ್ಧಾ ಮಾದರಿ ತಯಾರಿಸುತ್ತಿರುವುದರಿಂದ ಅದಕ್ಕಿಂತ ಬಹಳ ಕಡಿಮೆಗೂ ಆಯ್ಕೆ ಇದೆ.

ಹಳೆಯ ರೈಫಲ್ ಕೊಳ್ಳುವುದಾದರೆ

ಪರವಾನಗಿ ಇದ್ದವರು ಇನ್ನೊಬ್ಬ ಪರವಾನಗಿದಾರರಿಂದ ಕೊಳ್ಳಬಹುದು. ಮಾರುವವರು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಳೆದಿರಬೇಕು. ಕೈಗೆ ತೆಗೆದುಕೊಂಡಾಗ ನೋಡಬೇಕಾದ್ದು:

- ಬಂದೂಕಿನ ಮೇಲಿನ ಸಂಖ್ಯೆ ಪರವಾನಗಿಯ ಸಂಖ್ಯೆಗೆ ಹೊಂದುತ್ತದೆಯೇ? ಸಂಖ್ಯೆ ಉಜ್ಜಿದ್ದರೆ ಮುಂದಿನ ಮಾತೇ ಬೇಡ.
- ಖಾಲಿ ಇದೆಯೆಂದು ಖಚಿತಪಡಿಸಿಕೊಂಡು ಬೋಲ್ಟ್ ತೆಗೆದು ನಳಿಕೆಯೊಳಗೆ ಬೆಳಕು ಹಾಯಿಸಿ. ಒಳಗಿನ ಸುರುಳಿ ಗೀರುಗಳು ಚೂಪಾಗಿ ಹೊಳೆಯಬೇಕು. ತುಕ್ಕಿನ ಗುಳಿಗಳಿದ್ದರೆ ಬಿಡಿ.
- ನಳಿಕೆಯ ತುದಿಯ ಅಂಚು ಸುತ್ತಲೂ ಸಮ ಇರಬೇಕು. ಗುಂಡು ಕೊನೆಯದಾಗಿ ತಾಗುವ ಜಾಗ ಅದು. ಅಲ್ಲಿ ಒಂದು ಕಡೆ ಪೆಟ್ಟು ಬಿದ್ದಿದ್ದರೆ ಅನಿಲ ಓರೆಯಾಗಿ ಹೊರಬಂದು ಗುಂಡನ್ನು ಒಂದು ಬದಿಗೆ ತಳ್ಳುತ್ತದೆ.
- ನಳಿಕೆ ಮತ್ತು ಕಟ್ಟಿಗೆಯ ನಡುವೆ ಕಾಗದ ತೂರಿಸಿ ನೋಡಿ. ಸ್ಪರ್ಧಾ ರೈಫಲ್‌ಗಳಲ್ಲಿ ನಳಿಕೆ ಸಾಮಾನ್ಯವಾಗಿ ಕಟ್ಟಿಗೆಗೆ ತಾಗದೆ ಬಿಡಿಯಾಗಿರುತ್ತದೆ. ಕಟ್ಟಿಗೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ನಳಿಕೆಯನ್ನು ಒತ್ತಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ.
- ಬೋಲ್ಟ್ ಮುಚ್ಚಿದಾಗ ತೋಟೆಗೆ ಉಳಿಯುವ ಸಂದು ಸರಿಯಿದೆಯೇ ಎಂದು ಪರವಾನಗಿ ಇರುವ ರಿಪೇರಿಗಾರರಿಂದಲೇ ಅಳತೆ ಮಾಡಿಸಿ. ಇದು ಕಣ್ಣಂದಾಜಿನ ಕೆಲಸವಲ್ಲ.

ಹಣವನ್ನು ಹೀಗೆ ಹಂಚಿ

ನಮ್ಮ ಸಲಹೆ: ಇರುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಬಂದೂಕಿಗೆ ಹೋಗಬಾರದು. ಯಾಕೆಂದು ಲೆಕ್ಕ ಹಾಕೋಣ. 10 ಮೀಟರ್ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ 60 ಗುಂಡು. ವಾರಕ್ಕೆ ನಾಲ್ಕು ದಿನ ಅಷ್ಟೇ ಹೊಡೆದರೂ ವಾರಕ್ಕೆ 240, ವರ್ಷಕ್ಕೆ ಸುಮಾರು 12,500. ಡಬ್ಬಿಗೆ 500 ಗುಂಡು ಎಂದರೂ 25 ಡಬ್ಬಿ ಬೇಕು. ಬಂದೂಕು ಒಮ್ಮೆಯ ಖರ್ಚು, ಗುಂಡು ವರ್ಷವಿಡೀ ಖರ್ಚು. ಜೊತೆಗೆ ತರಬೇತಿಗೆ ಗದಗ ದಾಟಿ ಹುಬ್ಬಳ್ಳಿಗೆ ಹೋಗಿಬರುವ ಬಸ್ ಚಾರ್ಜೂ ಇದೆ.

ಗುಂಡು ಕೊಳ್ಳುವಾಗ ಮೊದಲು ಮೂರು ನಾಲ್ಕು ಬಗೆಯ ಒಂದೊಂದೇ ಡಬ್ಬಿ ತನ್ನಿ. ಬಂದೂಕನ್ನು ಮರಳು ಚೀಲದ ಮೇಲಿಟ್ಟು ಒಂದೊಂದರಿಂದಲೂ ಹತ್ತು ಹತ್ತು ಹೊಡೆಯಿರಿ. ಯಾವುದು ಒತ್ತಾಗಿ ಬೀಳುತ್ತದೋ ಅದನ್ನೇ ಮುಂದುವರಿಸಿ. ಬಂದೂಕು ಬದಲಿಸದೆ ಗುಂಪನ್ನು ಕುಗ್ಗಿಸುವ ಅಗ್ಗದ ಉಪಾಯ ಇದು.

ದುರ್ಬೀನಿಗೆ ಹಣ ಸುರಿಯಬೇಡಿ. ಒಲಿಂಪಿಕ್ ರೈಫಲ್ ಸ್ಪರ್ಧೆಗಳಲ್ಲಿ ಗುರಿಗೆ ದುರ್ಬೀನು ಬಳಸುವಂತಿಲ್ಲ, ಸಣ್ಣ ರಂಧ್ರದ ಗುರಿಕಟ್ಟೇ ಇರಬೇಕು. ಸ್ಪ್ರಿಂಗ್ ಬಂದೂಕಿನ ಎರಡು ಕಡೆಯ ಕುಲುಕಾಟಕ್ಕೆ ಅಗ್ಗದ ದುರ್ಬೀನು ಬೇಗ ಹಾಳಾಗುತ್ತದೆ ಕೂಡ.

ಪುಕ್ಕಟೆ ಅಭ್ಯಾಸವೂ ಒಂದಿದೆ: ಗುಂಡಿಲ್ಲದೆ ಗುರಿ ಹಿಡಿದು ಟ್ರಿಗರ್ ಒತ್ತುವುದು. ದಿನಕ್ಕೆ ಹದಿನೈದು ನಿಮಿಷ ಸಾಕು. ಆದರೆ ಸ್ಪ್ರಿಂಗ್ ಏರ್ ರೈಫಲ್‌ನಲ್ಲಿ ಹೀಗೆ ಮಾಡಿದರೆ ಪಿಸ್ಟನ್ ಬಡಿದು ಕೆಡುತ್ತದೆ. .22ರಲ್ಲಿ ಮೊಳೆ ನಳಿಕೆಯ ಅಂಚಿಗೆ ಬಡಿಯುವುದರಿಂದ ನಕಲಿ ತೋಟೆ ಹಾಕಿಯೇ ಮಾಡಬೇಕು.

ತಪ್ಪು ನಂಬಿಕೆಗಳು

*"ನಳಿಕೆ ಉದ್ದ ಇದ್ದಷ್ಟೂ ನಿಖರ."* ಉದ್ದದಿಂದ ಗುಂಡಿನ ವೇಗ ಸ್ವಲ್ಪ ಹೆಚ್ಚಬಹುದು. ಒತ್ತಾಗಿ ಬೀಳುವುದಕ್ಕೆ ಬೇಕಾದ್ದು ನಳಿಕೆಯ ದಪ್ಪ, ಬಿಗಿ ಮತ್ತು ಒಳಗಿನ ಕೆಲಸದ ಗುಣ.

*"ಗುಂಡು ನೆಟ್ಟಗೆ ಹೋಗುತ್ತದೆ."* ನಳಿಕೆ ಬಿಟ್ಟ ಕ್ಷಣದಿಂದಲೇ ಗುಂಡು ಕೆಳಗೆ ಬೀಳುತ್ತಿರುತ್ತದೆ. ಸೆಕೆಂಡಿಗೆ 700 ಮೀಟರ್ ವೇಗದ ಗುಂಡು ಕೂಡ 100 ಮೀಟರ್ ತಲುಪುವಷ್ಟರಲ್ಲಿ ಸುಮಾರು 10 ಸೆಂ.ಮೀ. ಇಳಿದಿರುತ್ತದೆ. ಗುರಿಕಟ್ಟನ್ನು ಹೊಂದಿಸುವುದು ಇದನ್ನು ಸರಿದೂಗಿಸಲಿಕ್ಕೇ.

*".22 ಸಣ್ಣ ಗುಂಡು, ದೂರ ಹೋಗುವುದಿಲ್ಲ."* ಅದು ಒಂದು ಕಿಲೋಮೀಟರಿನಾಚೆಗೂ ಹೋಗಬಲ್ಲದು. ನಮ್ಮ ಎರೆ ಸೀಮೆಯಲ್ಲಿ ಗುಂಡು ತಡೆಯಲು ಗುಡ್ಡ, ಮರ ಇರುವುದಿಲ್ಲ. ಗುರಿ ತಪ್ಪಿದ ಗುಂಡು ಆಚೆ ಹೊಲದಲ್ಲಿ ಕಸ ತೆಗೆಯುವವರನ್ನು ಮುಟ್ಟಬಹುದು. ಅದಕ್ಕೇ ಅಭ್ಯಾಸ ರೇಂಜಿನಲ್ಲೇ ಆಗಬೇಕು.

*"ಕೊಡಗಿನವರಿಗೆ ಲೈಸೆನ್ಸ್ ಬೇಡ, ನಮಗೂ ಬೇಡ."* ಆ ವಿನಾಯಿತಿ ಕೊಡವ ಜನಾಂಗದವರಿಗೆ ಮತ್ತು ಅಲ್ಲಿನ ಜಮ್ಮಾ ಹಿಡುವಳಿದಾರರಿಗೆ ಸೀಮಿತ. ಗದಗ ಜಿಲ್ಲೆಗೆ ಅನ್ವಯಿಸುವುದಿಲ್ಲ.

ಬೆಳೆ ಕಾಯಲು ರೈಫಲ್ ಆಗುವುದಿಲ್ಲವೇ?

ರೈತರ ನಷ್ಟ ಸಣ್ಣದಲ್ಲ, ಅದನ್ನು ಹಗುರವಾಗಿ ಹೇಳುವುದು ನಮ್ಮ ಉದ್ದೇಶವೂ ಅಲ್ಲ. ಆದರೆ ಚಿಗರಿ, ಅಂದರೆ ಕೃಷ್ಣಮೃಗ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಬೆಳೆ ತಿಂದಿತೆಂದು ಅದನ್ನು ಹೊಡೆಯಲು ಅನುಮತಿ ಸಿಗುವುದಿಲ್ಲ. ಹೊಡೆದರೆ 3ರಿಂದ 7 ವರ್ಷ ಜೈಲು. ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯವಾದಾಗ ಅರಣ್ಯ ಇಲಾಖೆಯ ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. ಅನುಮತಿ ಇಲ್ಲದೆ ಅದನ್ನು ಹೊಡೆಯುವುದೂ ಅಪರಾಧವೇ. ಬಂದೂಕಿನ ಪರವಾನಗಿ ಕೈಯಲ್ಲಿದ್ದರೆ ಬೇಟೆಗೆ ಅನುಮತಿ ಸಿಕ್ಕಂತಲ್ಲ.

ಏರ್ ರೈಫಲ್‌ನಿಂದ ಹೊಡೆದರೆ ಪ್ರಾಣಿ ಸಾಯದೆ ಗಾಯಗೊಂಡು ನರಳುತ್ತದೆ, ಅಪರಾಧ ಮಾತ್ರ ಅದೇ. ಬೆಳೆಹಾನಿಗೆ ಫೋಟೊ, ಪಹಣಿ ಸಹಿತ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ನಾಲ್ಕಾರು ಹೊಲದವರು ಕೂಡಿ ಸೋಲಾರ್ ಬೇಲಿ ಹಾಕಿದರೆ ಒಬ್ಬೊಬ್ಬರಿಗೆ ಬೀಳುವ ಖರ್ಚು ಇಳಿಯುತ್ತದೆ. ಮನೆಯ ಕರೆಂಟನ್ನು ತಂತಿಗೆ ಹರಿಸುವುದು ಮಾತ್ರ ಎಂದಿಗೂ ಬೇಡ. ಅದು ಪ್ರಾಣಿಯನ್ನೂ ಕೊಲ್ಲುತ್ತದೆ, ರಾತ್ರಿ ನೀರು ಕಟ್ಟಲು ಹೋದ ಮನುಷ್ಯನನ್ನೂ ಕೊಲ್ಲುತ್ತದೆ.

ರೋಣದ ಹುಡುಗನಿಗೆ ನಾವು ಹೇಳಿದ್ದು

ಅವನಿಗೆ ಇನ್ನೂ 21 ಆಗಿಲ್ಲ, ಹಾಗಾಗಿ ಪರವಾನಗಿಯ ಪ್ರಶ್ನೆ ಈಗ ಏಳುವುದೇ ಇಲ್ಲ. ಅಗ್ಗಕ್ಕೆ ಕೊಡಿಸುತ್ತೇನೆ ಎಂದವರ ನಂಬರನ್ನು ಅಳಿಸಿಹಾಕು ಎಂದೆವು. ಎನ್‌ಸಿಸಿಯ .22ರಲ್ಲಿ ಸಿಗುವಷ್ಟು ಅವಕಾಶ ಬಳಸಿಕೋ. ಅರವತ್ತು ಸಾವಿರದ ಅರ್ಧದೊಳಗೆ ಒಂದು ಏರ್ ರೈಫಲ್ ಕೊಂಡು, ಉಳಿದದ್ದನ್ನು ಗುಂಡಿಗೆ, ತರಬೇತಿಗೆ ಇಟ್ಟುಕೋ. ಮನೆಯ ಗೋದಾಮಿನಲ್ಲಿ 10 ಮೀಟರ್ ಅಳೆದು, ಗುರಿಯ ಹಿಂದೆ ಗುಂಡು ಪುಟಿಯದಂತೆ ಹಳೆ ಬಟ್ಟೆ ಒತ್ತಿ ತುಂಬಿದ ದಪ್ಪ ಪೆಟ್ಟಿಗೆ ಇಡು. ಕಣ್ಣಿಗೆ ಕನ್ನಡಕ ಹಾಕಿಕೋ. ಹೊಡೆಯುವಾಗ ಬಾಗಿಲಿಗೆ ಅಗಳಿ ಇರಲಿ, ಹೊಡೆದಾದ ಮೇಲೆ ಬಂದೂಕು ಬೀಗದೊಳಗೆ ಇರಲಿ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಹಂಗಾದ್ರ ಬೋಲ್ಟ್ ಆಕ್ಷನ್ ಯಾವಾಗ ತಗೋಬೇಕ್ರಿ ಸರ?"

ಹತ್ತು ಗುಂಡಿನ ಗುಂಪು ಚದುರಿದಾಗ ತಪ್ಪು ಬಂದೂಕಿನದೋ ಕೈಯದೋ ಎಂದು ನಿನಗೇ ಗೊತ್ತಾಗತೊಡಗಿದಾಗ ಎಂದೆವು. ಅಲ್ಲಿಯವರೆಗೆ ಬೆಲೆಯ ರೈಫಲ್ ಇದ್ದರೂ ಅದರ ನಿಖರತೆ ಎಷ್ಟೆಂದು ಗೊತ್ತಾಗುವ ದಾರಿ ಇಲ್ಲ.